ಹಳ್ಳದ ದಂಡೆಯಲ್ಲಿ ದಾರಿ: ಮೊದಲು ನೀರಿಗೆ, ಆಮೇಲೆ ನಮಗೆ

ಹಳ್ಳದ ಪಕ್ಕ ನಡೆಯೋಕೆ ದಾರಿ ಮಾಡೋಣ ಅಂದ ತಕ್ಷಣ ಎಲ್ಲರೂ ಕೇಳುವುದು ಅಗಲ ಎಷ್ಟು, ಬೆಂಚು ಎಲ್ಲಿ, ದೀಪ ಎಷ್ಟು ಅಂತ. ನೆಲಮಂಗಲದ ಕಡೆ ಕುಮುದ್ವತಿ ನದಿಗೆ ಸೇರುವ ಒಂದು ಹಳ್ಳದಲ್ಲಿ ಕೆಲಸ ಮಾಡುವಾಗ ಈ ಪ್ರಶ್ನೆಗಳನ್ನು ನಾವು ಕೊನೆಗೆ ಇಟ್ಟುಕೊಂಡೆವು. ಮೊದಲು ನೀರಿನ ಜಾಗ, ಆಮೇಲೆ ಗಿಡಮರ, ಹಕ್ಕಿಪಕ್ಷಿಗಳ ಜಾಗ. ಉಳಿದದ್ದರಲ್ಲಿ ದಾರಿ. ಕುಮುದ್ವತಿ ಅರ್ಕಾವತಿಯನ್ನು ಕೂಡುವುದು ತಿಪ್ಪಗೊಂಡನಹಳ್ಳಿಯಲ್ಲಿ. ಬೆಂಗಳೂರಿಗೆ ಎಷ್ಟೋ ವರ್ಷ ಕುಡಿಯುವ ನೀರು ಕೊಟ್ಟ ಜಲಾಶಯ ಅದು. ಅದನ್ನು ತುಂಬಿಸುತ್ತಿದ್ದದ್ದು ಇಂಥ ಸಣ್ಣ ಹಳ್ಳಗಳೇ ಅಲ್ವಾ?

ಕೆಲಸ ಶುರುವಾಗುವುದು ಗುದ್ದಲಿಯಿಂದಲ್ಲ, ಕಾಗದದಿಂದ. ಗ್ರಾಮ ನಕಾಶೆಯಲ್ಲಿ ಹಳ್ಳದ ಗೆರೆ ಇರುತ್ತದೆ. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೇ ನಂಬರು ಸಿಗುತ್ತದೆ. ಆದರೆ ಆ್ಯಪ್ ನಂಬಿ ಕಲ್ಲು ನೆಡಬೇಡಿ, ಅದು ಸುಮಾರಾಗಿ ತೋರಿಸುತ್ತದೆ ಅಷ್ಟೆ. ಹಳ್ಳ ಸಾಮಾನ್ಯವಾಗಿ 'ಬಿ' ಖರಾಬಿನಲ್ಲಿ ಬರುತ್ತದೆ, ಅಂದರೆ ಸರ್ಕಾರದ ಜಾಗ. ತಹಶೀಲ್ದಾರ್ ಕಚೇರಿಗೆ ಅರ್ಜಿ ಕೊಟ್ಟು, ಪಕ್ಕದ ಜಮೀನಿನವರ ಎದುರಿಗೇ ಅಳತೆ ಮಾಡಿಸಿ, ಹದ್ದುಬಸ್ತು, ಅಂದರೆ ಗಡಿ ಗುರುತು, ಆದ ಮೇಲೆ ಕಲ್ಲು ನೆಡಬೇಕು. ನಿಧಾನದ ಕೆಲಸ, ತಾಳ್ಮೆ ಬೇಕು. ಆದರೆ ಇದೊಂದು ಗಟ್ಟಿಯಾದರೆ ನಾಳೆ ಒತ್ತುವರಿ ಮಾತು ಬಂದಾಗ ಕೈಯಲ್ಲಿ ದಾಖಲೆ ಇರುತ್ತದೆ.

ಎಷ್ಟು ಜಾಗ ಬಿಡಬೇಕು? ಬೆಂಗಳೂರಿನ ಪರಿಷ್ಕೃತ ಮಹಾಯೋಜನೆ 2015ರಲ್ಲಿ ರಾಜಕಾಲುವೆಗಳ (ಮಳೆನೀರು ಹರಿಯುವ ಕಾಲುವೆಗಳ) ಮಧ್ಯದಿಂದ 50, 25, 15 ಮೀಟರ್ ಅಂತ ಇದೆ, ಕಾಲುವೆಯ ದರ್ಜೆಗೆ ತಕ್ಕಂತೆ. 2016ರಲ್ಲಿ ಹಸಿರು ನ್ಯಾಯಮಂಡಳಿ ಅದನ್ನು ಹೆಚ್ಚಿಸಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಹೆಚ್ಚಳವನ್ನು ರದ್ದು ಮಾಡಿತು. ನನ್ನ ಪ್ರಕಾರ ಈ ಅಂಕಿಗಳು ಕನಿಷ್ಠ ಮಾತ್ರ. ನಿಜವಾದ ಅಳತೆ ಹಳ್ಳದಲ್ಲೇ ಇರುತ್ತದೆ. ಕುರಿ ಮೇಯಿಸುವ ಅಜ್ಜ ಒಬ್ಬರು ಹೊಂಗೆ ಮರದ ಹತ್ತಿರ ಕರೆದುಕೊಂಡು ಹೋಗಿ, "ಇಲ್ಲಿಗಂಟ ಬತ್ತದೆ ಕಣಮ್ಮ ನೀರು" ಅಂತ ಕೋಲೆತ್ತಿ ತೋರಿಸಿದರು. ಕೊಂಬೆಗೆ ಒಣಹುಲ್ಲು, ಪ್ಲಾಸ್ಟಿಕ್ ಚೂರು ಸಿಕ್ಕಿಕೊಂಡಿತ್ತು. ನನ್ನ ತಲೆಗಿಂತ ಮೇಲೆ. ಅಲ್ಲಿಂದ ಕೆಳಗೆ ಏನನ್ನೂ ಕಟ್ಟುವುದಿಲ್ಲ ಅಂತ ಅವತ್ತೇ ತೀರ್ಮಾನವಾಯಿತು.

ದಾರಿ ಒಂದೇ ದಡದಲ್ಲಿ ಸಾಕು. ಆಚೆ ದಡದ ಈಚಲು ಮರಗಳಲ್ಲಿ ಗೀಜಗನ ಗೂಡುಗಳು ನೀರಿನ ಮೇಲೆ ತೂಗುತ್ತಿದ್ದವು. ಅಲ್ಲಿ ಜನ ಓಡಾಡಿದರೆ ಹಕ್ಕಿ ಉಳಿಯುವುದಿಲ್ಲ. ಆ ಕಡೆಯನ್ನು ಪೂರ್ತಿ ಬಿಟ್ಟೆವು. ಈ ಕಡೆಯೂ ದಾರಿ ನೀರಿಗೆ ಅಂಟಿಕೊಂಡು ಹೋಗುವುದಿಲ್ಲ, ಎರಡು ಮೂರು ಕಡೆ ಮಾತ್ರ ಇಳಿದು ನೀರು ನೋಡಿಕೊಂಡು ಮತ್ತೆ ಮೇಲೆ ಬರುತ್ತದೆ. ದನ ಹೋಗುವ ಹಳೆಯ ಕಾಲುದಾರಿ ಎಲ್ಲಿ ಸರಿಯಿತ್ತೋ ಅದನ್ನೇ ಉಳಿಸಿಕೊಂಡೆವು. ಜನ, ದನ ಸುಮ್ನೆ ಒಂದು ಜಾಗ ಆರಿಸುವುದಿಲ್ಲ. ಹಳ್ಳ ದಾಟುವ ಜಾಗ ಮಾತ್ರ ನೇರವಾಗಿ ಹರಿಯುವ ಕಡೆಯೇ ಇರಬೇಕು. ತಿರುವಿನಲ್ಲಿ ಹೊರಗಿನ ದಡ ಕೊರೆದುಹೋಗುತ್ತಲೇ ಇರುತ್ತದೆ.

ಟೈಲ್ಸ್, ಕಾಂಕ್ರೀಟು ಬೇಡವೇ ಬೇಡ ಅಂತ ಹಟ ಹಿಡಿದೆ. ಗರಸು ಮಣ್ಣು ಹಾಕಿ ಗುದ್ದಿ, ಹಳ್ಳದ ಕಡೆಗೆ ಸ್ವಲ್ಪವೇ ವಾಟ ಕೊಟ್ಟರೆ ಮಳೆನೀರು ದಾರಿಯುದ್ದಕ್ಕೂ ಓಡದೆ ಅಡ್ಡಕ್ಕೆ ಜಾರಿ ಹೋಗುತ್ತದೆ. ಇಳಿಜಾರಿಗೆ ನೇರವಾಗಿ ದಾರಿ ಎಳೆದರೆ ಒಂದೇ ಮಳೆಗೆ ಅದು ಕಾಲುವೆಯಾಗುತ್ತದೆ. ದೀಪವೂ ಹಾಕಲಿಲ್ಲ. ರಾತ್ರಿ ಹಳ್ಳ ಕಪ್ಪೆ, ಬಾವಲಿಗಳದ್ದು.

ದಡದಲ್ಲಿ ಹಬ್ಬಿದ ಲಂಟಾನ ಕಳೆಯನ್ನು ಒಟ್ಟಿಗೇ ಕಿತ್ತರೆ ದಡದ ಮಣ್ಣು ಸಡಿಲವಾಗುತ್ತದೆ. ಸ್ವಲ್ಪ ಸ್ವಲ್ಪವೇ ತೆಗೆದು, ಆ ಜಾಗದಲ್ಲಿ ಹೊಂಗೆ, ಹೊಳೆಮತ್ತಿ, ನೇರಳೆ, ಅತ್ತಿ ನೆಟ್ಟೆವು. ನೀರಿನ ಅಂಚಿಗೆ ಲಕ್ಕಿ, ಲಾವಂಚ.

ಈಗ ಪ್ರತಿ ಮುಂಗಾರಿನ ಮೊದಲ ದೊಡ್ಡ ಮಳೆಗೆ ಕೊಡೆ ಹಿಡಿದು ದಾರಿಯುದ್ದಕ್ಕೂ ನಡೆಯುತ್ತೇವೆ. ನೀರು ಎಲ್ಲಿ ದಾರಿ ಹಿಡಿದು ಹರಿಯುತ್ತಿದೆಯೋ ಅಲ್ಲಿ ಸುಣ್ಣದ ಗುರುತು ಹಾಕಿದ ಕಲ್ಲಿಟ್ಟು, ಮಳೆ ಬಿಟ್ಟ ಮೇಲೆ ಅಡ್ಡ ವಾಟ ಸರಿಮಾಡುತ್ತೇವೆ.