ಹೊಸ ನಳಿಗೆಗೆ ಹಳೇ ಸೈಟ್: ಏರ್ ರೈಫಲ್‌ಗೆ ಕೂರಿಸುವುದು ಹೇಗೆ?

ಮಲೆನಾಡಿನ ಮಳೆಗಾಲ ಕಬ್ಬಿಣದ ಯಾವ ಸಾಮಾನನ್ನೂ ಬಿಡುವುದಿಲ್ಲ. ಕತ್ತಿ, ಹಾರೆ, ಸೈಕಲ್ ಚೈನ್, ಎಲ್ಲಕ್ಕೂ ತುಕ್ಕು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಅಟ್ಟದಲ್ಲಿ ಮಾವನ ಹಳೇ ಏರ್ ರೈಫಲ್ ಎರಡು ಮಳೆಗಾಲ ಸುಮ್ನೆ ಬಿದ್ದಿತ್ತು. ಕೆಳಗಿಳಿಸಿ ನೋಡಿದರೆ ನಳಿಗೆಯ ಒಳಗೆಲ್ಲ ಕೆಂಪು ಪುಡಿ. ಹೊಸ ನಳಿಗೆ ತರಿಸಿದೆವು. ಬಂದದ್ದು ಬರೀ ನಳಿಗೆ, ತುದಿಯಲ್ಲಿ ಗುರಿ ಹಿಡಿಯುವ ಫ್ರಂಟ್ ಸೈಟ್ ಇರಲಿಲ್ಲ. ಕಾಲೇಜಲ್ಲಿ ಎನ್‌ಸಿಸಿ ಮಾಡಿದವರು ಇದನ್ನೇ ಫೋರ್‌ಸೈಟ್ ಅನ್ನುತ್ತಾರೆ. ಹಳೇ ನಳಿಗೆಯ ಮೇಲಿನ ಸೈಟ್ ಬೇಸ್, ಅಂದರೆ ಸೈಟನ್ನು ಹೊತ್ತಿರುವ ಬುಡ ಮಾತ್ರ ಗಟ್ಟಿಮುಟ್ಟಾಗಿತ್ತು, ಅದನ್ನೇ ಹೊಸದಕ್ಕೆ ಕೂರಿಸಿದೆವು. ಮನೆಯಲ್ಲೇ ಮಾಡಬಹುದಾದ ಕೆಲಸ. ಆದರೆ ಅವಸರ ಮಾಡಿದರೆ ಕೆಡುತ್ತದೆ.

ಮೊದಲು ಒಂದು ಮಾತು. ನಾನು ಹೇಳುತ್ತಿರುವುದು ಪಾಯಿಂಟ್ 177 ಇಂಚು ಬೋರಿನ, ಅಂದರೆ 4.5 ಮಿಲಿಮೀಟರ್ ಪೆಲೆಟ್ (ಸಣ್ಣ ಸೀಸದ ಗುಂಡು) ಹಾಕುವ, ಹೊಡೆತದ ಶಕ್ತಿ 20 ಜೌಲ್ ಒಳಗಿನ ಏರ್ ರೈಫಲ್ ಬಗ್ಗೆ ಮಾತ್ರ. 2016ರ ಶಸ್ತ್ರಾಸ್ತ್ರ ನಿಯಮದ ಪ್ರಕಾರ ಇದಕ್ಕೆ ಲೈಸೆನ್ಸ್ ಬೇಡ. ತೋಟದ ಮನೆಗಳಲ್ಲಿರುವ, ಎಲೆಕ್ಷನ್ ಬಂದಾಗ ಠಾಣೆಗೆ ಒಪ್ಪಿಸುವ ತೋಟಾ ಕೋವಿಯ ಕಥೆಯೇ ಬೇರೆ. ಅದರ ರಿಪೇರಿ ಮಾಡುವವರಿಗೆ 1959ರ ಕಾಯ್ದೆಯಡಿ ಬೇರೆಯೇ ಲೈಸೆನ್ಸ್ ಇರಬೇಕು, ಹಾಗಾಗಿ ಅದನ್ನು ಮನೆಯಲ್ಲಿ ಬಿಚ್ಚಲೇಬೇಡಿ. ಇನ್ನೊಂದು, ಏರ್ ರೈಫಲ್ ಕಾಗದದ ಗುರಿಗೆ. ಅಡಿಕೆ ತೋಟಕ್ಕೆ ಬರುವ ಮಂಗಕ್ಕೋ ಹಕ್ಕಿಗೋ ಅಲ್ಲ.

ಇಷ್ಟು ಸಣ್ಣ ತುಂಡಿಗೆ ಯಾಕಿಷ್ಟು ತಲೆಕೆಡಿಸಿಕೊಳ್ಳಬೇಕು ಅನ್ನಿಸಬಹುದು. ಸ್ವಲ್ಪ ಲೆಕ್ಕ ನೋಡಿ. ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ 45 ಸೆಂಟಿಮೀಟರ್ ಇದೆ ಅಂದುಕೊಳ್ಳಿ. ಮುಂದಿನ ಸೈಟ್ ಪಕ್ಕಕ್ಕೆ 1 ಮಿಲಿಮೀಟರ್ ಸರಿದರೆ 10 ಮೀಟರ್ ದೂರದಲ್ಲಿ ಪೆಲೆಟ್ 22 ಮಿಲಿಮೀಟರ್ ಆಚೆ ಬೀಳುತ್ತದೆ. ಸೈಟಿನ ತುದಿ ನಳಿಗೆಯ ನಡುವಿನಿಂದ 20 ಮಿಲಿಮೀಟರ್ ಎತ್ತರ ಇದ್ದು, ಬೇಸ್ ಒಂದೇ ಒಂದು ಡಿಗ್ರಿ ತಿರುಗಿ ಕೂತರೂ ಸುಮಾರು 8 ಮಿಲಿಮೀಟರ್ ತಪ್ಪುತ್ತದೆ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದರಲ್ಲ, ಆ 10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಗುರಿ ಕಾರ್ಡಿನಲ್ಲಿ ನಡುವಿನ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್ ಅಷ್ಟೇ. ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಎರಡೂವರೆ ಮಿಲಿಮೀಟರ್. ಒಂದು ಡಿಗ್ರಿ ವಾರೆ ಅಂದರೆ ಮೂರು ಗೆರೆ ಹೋಯಿತು.

ಕೆಲಸಕ್ಕೆ ಕೂರುವ ಮುಂಚೆ ನಳಿಗೆ ಮಡಚಿ ಒಳಗೆ ಪೆಲೆಟ್ ಇಲ್ಲ ಅಂತ ನೋಡಿ. ನಳಿಗೆ ತೆರೆದಿರುವಾಗ ಟ್ರಿಗರ್ ಮುಟ್ಟಬಾರದು, ಸ್ಪ್ರಿಂಗ್ ಬಿಟ್ಟರೆ ನಳಿಗೆ ಸಟ್ಟನೆ ಮೇಲಕ್ಕೆ ಬಡಿಯುತ್ತದೆ, ಬೆರಳು ಸಿಕ್ಕಿದರೆ ಮುಗಿಯಿತು.

ಹಳೇ ಬೇಸ್ ಬಿಚ್ಚುವ ಮೊದಲು ಅದು ನಳಿಗೆಯ ತುದಿಯಿಂದ ಎಷ್ಟು ಹಿಂದಿದೆ ಅಂತ ವರ್ನಿಯರ್‌ನಲ್ಲಿ ಅಳೆದು ಬರೆದಿಡಿ. ನಮ್ಮದರಲ್ಲಿ ಬೇಸ್ ಉಂಗುರದ ಹಾಗೆ ನಳಿಗೆಗೆ ತೂರಿಕೊಂಡಿದ್ದು, ಕೆಳಗಿನಿಂದ ಒಂದು ಗ್ರಬ್ ಸ್ಕ್ರೂ (ತಲೆಯಿಲ್ಲದ ಸಣ್ಣ ಸ್ಕ್ರೂ) ಹಿಡಿದಿತ್ತು. ಕೆಲವದರಲ್ಲಿ ಅಡ್ಡ ಪಿನ್ ಇರುತ್ತದೆ, ಆಗ ಎರಡೂ ತುದಿ ಅಳೆದು ಸಣ್ಣ ತುದಿಯಿಂದ ತಟ್ಟಿ ತೆಗೆಯಬೇಕು. ತುಕ್ಕು ಹಿಡಿದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ. ಅಲೆನ್ ಕೀ ಸರಿಯಾದ ಅಳತೆಯದ್ದೇ ಇರಲಿ, ಜಾರಿ ಸ್ಕ್ರೂವಿನ ಕುಳಿ ಸವೆದರೆ ಆಮೇಲೆ ಡ್ರಿಲ್ಲೇ ಗತಿ. ಬೇಸಿಗೆ ಸೈಕಲ್ ಟ್ಯೂಬ್ ಸುತ್ತಿ ಕೈಯಲ್ಲೇ ತಿರುಗಿಸಿ, ಇಕ್ಕಳ ಹಾಕಬೇಡಿ.

ಈಗ ಅಳತೆ. ಹೊಸ ನಳಿಗೆಯನ್ನು ಬೇಸ್ ಕೂರುವ ಜಾಗದಲ್ಲಿ ಮೂರು ಕಡೆ ಅಳೆಯಿರಿ, ಬೇಸಿನ ಒಳ ಅಳತೆಯನ್ನೂ ನೋಡಿ. ನಮ್ಮ ಹೊಸ ನಳಿಗೆ 0.2 ಮಿಲಿಮೀಟರ್ ಸಣ್ಣದಿತ್ತು. ಕೂಲ್‌ಡ್ರಿಂಕ್ಸ್ ಕ್ಯಾನಿನ ತಗಡು ಸುಮಾರು 0.1 ಮಿಲಿಮೀಟರ್ ದಪ್ಪ, ಅದನ್ನು ಕತ್ತರಿಸಿ ಒಂದು ಸುತ್ತು ಪೂರ್ತಿ ಸುತ್ತಿದೆವು, ಸರಿಯಾಗಿ ಕೂತಿತು. ಒಂದೇ ಕಡೆ ತುಂಡು ತುರುಕಿದರೆ ಬೇಸ್ ಪಕ್ಕಕ್ಕೆ ಸರಿಯುತ್ತದೆ, ಹಾಗೆ ಮಾಡಬಾರದು. ಬಿಗಿಯಾದರೆ ಏನು ಮಾಡುವುದು ಅಂತ ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನ ಲೇತ್ ಅಂಗಡಿಯವರನ್ನು ಕೇಳಿದ್ದೆ. "ನಳಿಗೆಗೆ ಅರ ಹಾಕ್ಬೇಡಿ ಸಾರ್, ಬೇಸನ್ನೇ ಒಳಗಿಂದ ಉಜ್ಜಿ" ಅಂದರು. ದುಂಡನೆಯ ಕೋಲಿಗೆ ಎಮರಿ ಪೇಪರ್ ಸುತ್ತಿ, ಸ್ವಲ್ಪ ಸ್ವಲ್ಪವೇ ಉಜ್ಜಿ ಹಾಕಿ ನೋಡಿ.

ನೇರ ಮಾಡುವ ಕೆಲಸಕ್ಕೆ ಒಂದು ಬೆಳಗ್ಗೆ ಪೂರ್ತಿ ಇಟ್ಟುಕೊಳ್ಳಿ. ನಾನು ಮೊದಲ ಸಲ ಕಣ್ಣಂದಾಜಿನಲ್ಲೇ ಬಿಗಿಮಾಡಿದೆ, ಐದಕ್ಕೆ ಐದೂ ಪೆಲೆಟ್ ಎಡಕ್ಕೆ ಹೋದವು. ಎರಡನೇ ಸಲ ಹೀಗೆ ಮಾಡಿದೆ. ಹಿಂದಿನ ಸೈಟನ್ನು ಎಡಬಲ ಸರಿಯಾಗಿ ನಡುವಿಗೆ ತಂದೆ. ನಳಿಗೆ ಪೂರ್ತಿ ಮುಚ್ಚಿ, ರೈಫಲ್‌ಗೆ ಗೋಣಿಚೀಲ ಸುತ್ತಿ ವೈಸ್‌ನಲ್ಲಿ ಹದವಾಗಿ ಹಿಡಿಸಿದೆ. ಮೇಲೆ ಸ್ಕೋಪ್ (ಗುರಿ ದುರ್ಬೀನು) ಕೂರಿಸುವ ಉದ್ದ ಕಚ್ಚುಗಳಿರುತ್ತವಲ್ಲ, ಅದರ ಮೇಲೆ ಮೇಸ್ತ್ರಿಗಳ ಸಣ್ಣ ರಸಮಟ್ಟವನ್ನು ಅಡ್ಡಲಾಗಿ ಇಟ್ಟು ಗುಳ್ಳೆ ನಡುವಿಗೆ ಬರುವವರೆಗೆ ರೈಫಲ್ ಸರಿಮಾಡಿದೆ. ಆಮೇಲೆ ಮೂರು ಮೀಟರ್ ಮುಂದೆ ತೊಲೆಯಿಂದ ಬಿಳಿ ದಾರಕ್ಕೆ ದೊಡ್ಡ ನಟ್ ಕಟ್ಟಿ ಇಳಿಬಿಟ್ಟೆ. ಗಾಳಿಗೆ ದಾರ ತೂಗಾಡುತ್ತಲೇ ಇತ್ತು, ಕೆಳಗೊಂದು ಬಕೆಟ್ ನೀರಿಟ್ಟು ನಟ್ ಮುಳುಗಿಸಿದ ಮೇಲೆ ನಿಂತಿತು. ಹಿಂದಿನಿಂದ ಒಂದೇ ಕಣ್ಣಲ್ಲಿ ನೋಡುತ್ತಾ, ಮುಂದಿನ ಸೈಟಿನ ಪಟ್ಟಿ ಬುಡದಿಂದ ತುದಿಯವರೆಗೂ ದಾರದ ಮೇಲೇ ಕೂರುವ ಹಾಗೆ ಬೇಸನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿರುಗಿಸಬೇಕು. ಎದ್ದು ಒಂದು ಲೋಟ ಕಾಫಿ ಕುಡಿದು ಬಂದು ಮತ್ತೆ ನೋಡಿ. ದಣಿದ ಕಣ್ಣಿಗೆ ವಾರೆಯೂ ನೇರವಾಗಿಯೇ ಕಾಣುತ್ತದೆ. ಬೇಸ್ ನಳಿಗೆಯ ಬಾಯಿಗಿಂತ ಮುಂದೆ ಚಾಚಿರಬಾರದು, ಪೆಲೆಟ್ ತಾಗುತ್ತದೆ.

ಗ್ರಬ್ ಸ್ಕ್ರೂ ಈಗ ಹಗುರವಾಗಿ ಬಿಗಿಮಾಡಿದರೆ ಸಾಕು. ಸ್ಕ್ರೂ ಕೂರಲಿ ಅಂತ ನಳಿಗೆಗೆ ಡ್ರಿಲ್ ಮಾಡಲೇಬೇಡಿ, ಪೆಲೆಟ್ಟನ್ನು ತಿರುಗಿಸುವ ಒಳಗಿನ ಸುರುಳಿ ಗೀರುಗಳು ಕೆಡಬಹುದು. ಸ್ಕ್ರೂ ತುದಿಗೂ ನಳಿಗೆಗೂ ನಡುವೆ ಸಣ್ಣ ಹಿತ್ತಾಳೆ ಚೂರು ಇಟ್ಟರೆ ಕಚ್ಚಿ ಹಿಡಿಯುತ್ತದೆ, ಗಾಯವೂ ಆಗುವುದಿಲ್ಲ.

ಪರೀಕ್ಷೆ 10 ಮೀಟರ್‌ನಲ್ಲಿ. ಗುರಿಯ ಹಿಂದೆ ಜೇಡಿಮಣ್ಣು ತುಂಬಿದ ಪೆಟ್ಟಿಗೆ, ಅದರ ಹಿಂದೆ ಮಣ್ಣಿನ ದರೆ ಇರಲಿ. ಜಂಬಿಟ್ಟಿಗೆ ಗೋಡೆಗೆ ಹೊಡೆದರೆ ಪೆಲೆಟ್ ವಾಪಸ್ ಪುಟಿಯುತ್ತದೆ, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಮರಳಿನ ಚೀಲದ ಮೇಲೆ ಅಂಗೈ ಇಟ್ಟು, ಅಂಗೈ ಮೇಲೆ ರೈಫಲ್ ಇಟ್ಟು ಸಡಿಲವಾಗಿ ಹಿಡಿಯಿರಿ. ಸ್ಪ್ರಿಂಗ್ ರೈಫಲ್ ಬಿಗಿ ಹಿಡಿದರೆ ಪೆಲೆಟ್ ಒಂದೇ ಕಡೆ ಬೀಳುವುದಿಲ್ಲ. ಐದು ಹೊಡೆದು ಅದರ ನಡು ನೋಡಿ, ಒಂದೇ ಪೆಲೆಟ್ ನಂಬಿ ಸ್ಕ್ರೂಗೆ ಕೈ ಹಾಕಬೇಡಿ. ಪೆಲೆಟ್ ಎತ್ತ ಹೋಯಿತೋ ಮುಂದಿನ ಸೈಟನ್ನೂ ಅತ್ತಲೇ ಸರಿಸಬೇಕು: ಎಡಕ್ಕೆ ಹೋದರೆ ಎಡಕ್ಕೆ. ಹಿಂದಿನ ಸೈಟಿಗೆ ಇದು ಉಲ್ಟಾ. ಉಳಿದ ಸಣ್ಣಪುಟ್ಟ ವ್ಯತ್ಯಾಸವನ್ನು ಹಿಂದಿನ ಸೈಟಿನಲ್ಲೇ ತೆಗೆಯಬಹುದು. ಪೆಲೆಟ್ ಸೀಸದ್ದು, ಆದ್ದರಿಂದ ಸೋಪು ಹಾಕಿ ಕೈ ತೊಳೆದೇ ಊಟಕ್ಕೆ ಕೂರಿ.

ಸರಿಯಾಯಿತು ಅನ್ನಿಸಿದ ಮೇಲೆ ಸ್ಕ್ರೂ ತೆಗೆದು, ಎಣ್ಣೆ ಪಸೆ ಒರೆಸಿ, ನೀಲಿ ಬಣ್ಣದ ಥ್ರೆಡ್ ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಿ ಬಿಗಿಮಾಡಿ, ಒಂದು ದಿನ ಮುಟ್ಟಬೇಡಿ. ಹೊರಗೆ ತುಕ್ಕು ಬಾರದಂತೆ ಹೊಲಿಗೆ ಮಷೀನ್ ಎಣ್ಣೆ ತೆಳುವಾಗಿ ಸವರಿ. ಕೊಬ್ಬರಿ ಎಣ್ಣೆ ಬೇಡ, ನಮ್ಮ ಚಳಿಗೆ ಅದು ಗಟ್ಟಿಯಾಗುತ್ತದೆ. ನಳಿಗೆಯ ಒಳಗೆ ಎಣ್ಣೆ ಉಳಿಯದಂತೆ ಒಣ ಬಟ್ಟೆ ಎಳೆಯಿರಿ. ಕೊನೆಗೆ ಬೇಸ್ ಮತ್ತು ನಳಿಗೆ ಎರಡರ ಮೇಲೂ ಸೇರಿ ಹಾಯುವಂತೆ ಉಗುರುಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಬೇಸ್ ಅಲುಗಿದರೆ ಗೆರೆ ಮುರಿದು ಕಾಣುತ್ತದೆ. ನಮ್ಮದರ ಮೇಲೆ ಕೆಂಪು ಗೆರೆ ಇದೆ, ಈ ಮಳೆಗಾಲ ಮುಗಿದ ಮೇಲೆ ನೋಡಿದೆ, ಹಾಗೇ ಇತ್ತು.