ಪರದೆ ಬಿಟ್ಟು ಮಕ್ಕಳ ಕಣ್ಣು ನೋಡಿದೆ

ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ಟಿವಿ ಕಾರ್ಯಕ್ರಮ ಬರೆಯುವುದು ನನ್ನ ಕೆಲಸ. ಒಂದು ಕಂತು ಹತ್ತು ನಿಮಿಷ. ಮೊದಲ ಎರಡು ವರ್ಷ ನಾನು ಬರೆದದ್ದನ್ನೆಲ್ಲ ಒಪ್ಪಿದವರು ದೊಡ್ಡವರು. ಎಡಿಟಿಂಗ್ ಕೋಣೆಯಲ್ಲಿ ನಾವು ನಾಲ್ಕು ಜನ ಕೂತು ನೋಡುತ್ತಿದ್ದೆವು. ನಮಗೆ ನಗು ಬಂದರೆ ಆ ದೃಶ್ಯ ಉಳಿಯುತ್ತಿತ್ತು, ಬೇಜಾರಾದರೆ ಹೋಗುತ್ತಿತ್ತು. ಯಾರಿಗೋಸ್ಕರ ಮಾಡುತ್ತಿದ್ದೆವೋ ಆ ಮಕ್ಕಳು ಆ ಕೋಣೆಗೆ ಒಮ್ಮೆಯೂ ಬಂದಿರಲಿಲ್ಲ.

ಇದು ತಪ್ಪು ಅಂತ ನನಗೆ ತಿಳಿದದ್ದು ಅಮೆರಿಕದ ಮಕ್ಕಳ ಟಿವಿ ಕಾರ್ಯಕ್ರಮ ‘ಸೆಸಮಿ ಸ್ಟ್ರೀಟ್’ ಶುರು ಮಾಡಿದ ಜೋನ್ ಗ್ಯಾಂಜ್ ಕೂನಿ ಹೇಗೆ ಕೆಲಸ ಮಾಡಿದರು ಅಂತ ಓದಲು ಶುರು ಮಾಡಿದ ಮೇಲೆ. ಆ ಕಾರ್ಯಕ್ರಮದ ಹೆಸರು ಎಲ್ಲರಿಗೂ ಗೊತ್ತು. ಅದರ ಬೊಂಬೆಗಳೂ ಗೊತ್ತು. ಆ ಬೊಂಬೆಗಳ ಹಿಂದೆ ಇದ್ದ ಕೆಲಸದ ಕ್ರಮ ಮಾತ್ರ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ನನ್ನನ್ನು ಹಿಡಿದದ್ದು ಅದೇ.

ಕೂನಿ ಮೊದಲಿನಿಂದ ಮಕ್ಕಳ ಕಾರ್ಯಕ್ರಮದವರೇ ಅಲ್ಲ. 1929ರಲ್ಲಿ ಅರಿಜೋನಾದ ಫೀನಿಕ್ಸ್‌ನಲ್ಲಿ ಹುಟ್ಟಿದವರು. ಓದಿದ್ದು ಶಿಕ್ಷಣ. ಮೊದಲು ಪತ್ರಿಕೆಯಲ್ಲಿ ವರದಿಗಾರ್ತಿ, ಆಮೇಲೆ ನ್ಯೂಯಾರ್ಕ್‌ಗೆ ಬಂದು ಟಿವಿಯ ಪ್ರಚಾರ ವಿಭಾಗದಲ್ಲಿ ಕೆಲಸ, ಅಲ್ಲಿಂದ ಅಲ್ಲಿನ ಶೈಕ್ಷಣಿಕ ವಾಹಿನಿ ಚಾನೆಲ್ 13ರಲ್ಲಿ ಸಾಕ್ಷ್ಯಚಿತ್ರ ನಿರ್ಮಾಣ. 1966ರಲ್ಲಿ ಒಂದು ರಾತ್ರಿ ಅವರ ಮನೆಗೆ ಊಟಕ್ಕೆ ಬಂದವರಲ್ಲಿ ಶಿಕ್ಷಣದ ಕೆಲಸಗಳಿಗೆ ಹಣ ಕೊಡುವ ಕಾರ್ನೆಗಿ ಕಾರ್ಪೊರೇಷನ್ನಿನ ಲಾಯ್ಡ್ ಮಾರಿಸೆಟ್ ಒಬ್ಬರು. ಮಾರಿಸೆಟ್ ಅವರ ಮೂರು ವರ್ಷದ ಮಗಳು ಬೆಳಗ್ಗೆ ಬೇಗ ಎದ್ದು, ಕಾರ್ಯಕ್ರಮ ಇನ್ನೂ ಶುರುವಾಗುವ ಮುಂಚೆ, ಪರದೆ ಮೇಲೆ ಅಲುಗಾಡದೆ ನಿಂತಿರುವ ಬರೀ ಟೆಸ್ಟ್ ಪ್ಯಾಟರ್ನ್ ಚಿತ್ರ ನೋಡುತ್ತಾ ಕೂತಿರುತ್ತಿದ್ದಳಂತೆ. ಟಿವಿಯಿಂದ ಇಂಥ ಮಕ್ಕಳಿಗೆ ಏನಾದರೂ ಕಲಿಸಬಹುದಾ ಅಂತ ಮಾತು ಹೊರಟಿತು. ಆಗಿನ ಅಮೆರಿಕದ ಮಕ್ಕಳು ಬಿಯರ್ ಜಾಹೀರಾತಿನ ಹಾಡುಗಳನ್ನು ಬಾಯಿಪಾಠ ಹಾಡುತ್ತಿದ್ದರು. ಅದನ್ನು ಕಲಿಯಬಲ್ಲ ಮಗು ಅಕ್ಷರವನ್ನೂ ಕಲಿಯಬಲ್ಲದು ಅಲ್ವಾ? ಕೂನಿ ಅದೇ ವರ್ಷ ಊರೂರು ತಿರುಗಿ, ಬಲ್ಲವರನ್ನು ಮಾತಾಡಿಸಿ, ಒಂದು ವರದಿ ಬರೆದರು. ಹಣ ಕೊಡುವವರಲ್ಲಿ ಕೆಲವರಿಗೆ ಹೆಂಗಸೊಬ್ಬಳು ಇದರ ಮುಖ್ಯಸ್ಥೆ ಆದರೆ ಜನ ಒಪ್ಪುತ್ತಾರಾ ಅನ್ನುವ ಅನುಮಾನ ಇತ್ತು. ಎರಡನೇ ಸ್ಥಾನಕ್ಕೆ ಬರುವುದಿಲ್ಲ ಅಂತ ಕೂನಿ ಗಟ್ಟಿಯಾಗಿ ನಿಂತರು. 1968ರಲ್ಲಿ ಕಾರ್ಯಕ್ರಮ ಮಾಡಲು ಚಿಲ್ಡ್ರನ್ಸ್ ಟೆಲಿವಿಷನ್ ವರ್ಕ್‌ಶಾಪ್ ಅನ್ನುವ ಸಂಸ್ಥೆ ಶುರುವಾಯಿತು, ಸುಮಾರು 80 ಲಕ್ಷ ಡಾಲರ್ ಬಂತು. ಅದರಲ್ಲಿ ಅರ್ಧದಷ್ಟು ಸರ್ಕಾರದ ಹಣ.

ಆ ಹಣ ಬಂದ ತಕ್ಷಣ ಅವರು ಶೂಟಿಂಗ್ ಶುರು ಮಾಡಲಿಲ್ಲ. ನನಗೆ ತುಂಬಾ ಹಿಡಿಸಿದ ವಿಷಯ ಇದು. 1968ರ ಬೇಸಿಗೆಯಲ್ಲಿ ಮೂರು ಮೂರು ದಿನದ ಐದು ಸಭೆ ನಡೆಸಿದರು. ಹಾರ್ವರ್ಡ್‌ನ ಜೆರಾಲ್ಡ್ ಲೆಸ್ಸರ್ ಅದಕ್ಕೆ ಮುಖ್ಯಸ್ಥರು. ಮಕ್ಕಳ ಮನಶ್ಶಾಸ್ತ್ರಜ್ಞರು, ಟೀಚರ್‌ಗಳು, ಬರಹಗಾರರು, ಬೊಂಬೆಯಾಟದವರು ಎಲ್ಲ ಒಂದೇ ಮೇಜಿಗೆ. ಇವರ ಜೊತೆ ಎಡ್ವರ್ಡ್ ಪಾಮರ್ ಅನ್ನುವ ಸಂಶೋಧಕರು ಸೇರಿಕೊಂಡರು. ಪ್ರಸಾರವಾದ ಮೇಲೆ ಮಾರ್ಕ್ಸ್ ಹಾಕುವುದು ಅವರ ಕೆಲಸ ಆಗಿರಲಿಲ್ಲ. ಪ್ರಸಾರಕ್ಕೆ ಮುಂಚೆಯೇ ತುಣುಕುಗಳನ್ನು ಮಕ್ಕಳ ಮುಂದೆ ಇಟ್ಟು ನೋಡುವುದು ಅವರ ಕೆಲಸ.

ಪಾಮರ್ ಮಾಡಿದ್ದು ಬಹಳ ಸರಳ. ಒಂದು ಕಡೆ ಟಿವಿ. ಪಕ್ಕದಲ್ಲೇ ಒಂದು ಸ್ಲೈಡ್ ಪ್ರೊಜೆಕ್ಟರ್. ಅದರಲ್ಲಿ ಏಳೂವರೆ ಸೆಕೆಂಡಿಗೆ ಒಂದು ಹೊಸ ಬಣ್ಣದ ಚಿತ್ರ. ಮಗುವಿನ ಕಣ್ಣು ಎಲ್ಲಿದೆ ಅಂತ ಒಬ್ಬರು ಗುರುತು ಹಾಕುತ್ತಾ ಹೋಗುವುದು. ಪಕ್ಕದ ಚಿತ್ರ ಕರೆದರೂ ಮಗು ಟಿವಿ ಬಿಡಲಿಲ್ಲ ಅಂದರೆ ಆ ತುಣುಕಿನಲ್ಲಿ ಜೀವ ಇದೆ.

ನಾವೂ ಇದನ್ನೇ ಮಾಡಿದೆವು. ಪ್ರೊಜೆಕ್ಟರ್ ಬದಲು ಒಂದು ಹಳೇ ಟ್ಯಾಬ್ಲೆಟ್. ಅದರಲ್ಲಿ ಪ್ರಾಣಿ, ಗಾಡಿ, ಹಣ್ಣಿನ ಚಿತ್ರಗಳು, ಏಳೂವರೆ ಸೆಕೆಂಡಿಗೊಂದು. ಹತ್ತು ನಿಮಿಷದ ಕಂತಿಗೆ ಸರಿಯಾಗಿ 80 ಚಿತ್ರ ಬರುತ್ತವೆ. ಒಂದು ಹಾಳೆಯ ಮೇಲೆ ಚಿತ್ರಕ್ಕೊಂದರಂತೆ 80 ಚೌಕ ಎಳೆದು, ಟಿವಿ ನೋಡಿದರೆ ಟಿಕ್, ಬೇರೆ ಕಡೆ ನೋಡಿದರೆ ಗೀಟು. ಒಂದು ಸಲಕ್ಕೆ ಒಂದೇ ಮಗು. ಎರಡು ಮಕ್ಕಳಿದ್ದರೆ ಒಂದು ಇನ್ನೊಂದರ ಮುಖ ನೋಡುತ್ತೆ, ಲೆಕ್ಕ ಕೆಡುತ್ತೆ. ಗುರುತು ಹಾಕುವವರು ಟಿವಿಯನ್ನು ನೋಡಲೇಬಾರದು. ಇದು ಬಾಯಲ್ಲಿ ಹೇಳಿದಷ್ಟು ಸುಲಭ ಅಲ್ಲ. ನಾನೇ ಬರೆದ ಸಾಲು ಬಂದಾಗ ನನ್ನ ಕತ್ತು ತಾನಾಗಿ ಪರದೆ ಕಡೆ ತಿರುಗುತ್ತಿತ್ತು.

ಮೊದಲು ಪರೀಕ್ಷೆಗೆ ಇಟ್ಟದ್ದು ‘ಜಾಸ್ತಿ–ಕಡಿಮೆ’ ಕಂತು. ಎತ್ತರದ ಸಪೂರ ಲೋಟ, ಅಗಲದ ಗಿಡ್ಡ ಲೋಟ, ಎರಡರಲ್ಲೂ ಅಷ್ಟೇ ನೀರು. ಒಂದು ಅಳಿಲಿನ ಬೊಂಬೆ ‘ಎತ್ತರದ್ದರಲ್ಲಿ ಜಾಸ್ತಿ!’ ಅಂತ ಹಟ ಹಿಡಿಯುತ್ತೆ. ಆಮೇಲೆ ಒಬ್ಬ ಅಕ್ಕ ಬಂದು ಒಂದೂವರೆ ನಿಮಿಷ ವಿವರಿಸುತ್ತಾಳೆ. ಆ ವಿವರಣೆ ನನಗೆ ಬಹಳ ಇಷ್ಟವಾಗಿತ್ತು, ತಿದ್ದಿ ತಿದ್ದಿ ಬರೆದಿದ್ದೆ.

ಮೊದಲು ಕೂತವನು ಐದು ವರ್ಷದ ಹುಡುಗ. ನೀರು ಸುರಿಯುವಾಗ ಬಾಯಿ ತೆರೆದುಕೊಂಡು ನೋಡಿದ. ಕೈಯಲ್ಲಿದ್ದ ಬಿಸ್ಕತ್ತು ಬಾಯಿಗೆ ಹೋಗದೆ ಅರ್ಧದಲ್ಲೇ ನಿಂತಿತ್ತು. ಅಕ್ಕ ಮಾತು ಶುರು ಮಾಡಿದ ಎರಡನೇ ಚೌಕಕ್ಕೆ ಬಿಸ್ಕತ್ತು ಬಾಯಿಗೆ ಹೋಯಿತು, ಕಣ್ಣು ಟ್ಯಾಬ್ಲೆಟ್ ಕಡೆ ಹೋಯಿತು. ಆ ಒಂದೂವರೆ ನಿಮಿಷದ 12 ಚೌಕಗಳಲ್ಲಿ 9 ಗೀಟು. ಆಮೇಲೆ ಬಂದ ಮಕ್ಕಳಲ್ಲೂ ಹೆಚ್ಚುಕಡಿಮೆ ಅಲ್ಲೇ ಗೀಟು ಬಿತ್ತು. ಅಕ್ಕನ ಮಾತು ಪೂರ್ತಿ ತೆಗೆದು ಹಾಕಿದೆವು.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಆದರೆ ನಮ್ಮ ತಂಡದಲ್ಲಿ ಪಾಠ ಮಾಡಿ ಅನುಭವ ಇದ್ದವರೊಬ್ಬರು, ನೋಡಿದ ಮೇಲೆ ಮಕ್ಕಳನ್ನು ಕೇಳೋಣ ಅಂದರು. ಪಾಮರ್ ತಂಡವೂ ಗಮನದ ಜೊತೆಗೆ ಅರ್ಥ ಆಯಿತಾ ಅಂತ ನೋಡುತ್ತಿತ್ತು. ಕೇಳಿದೆವು: ‘ಅಳಿಲು ಹೇಳಿದ್ದು ಸರೀನಾ?’ ನಾಲ್ಕು ವರ್ಷದ ಮಕ್ಕಳೆಲ್ಲ ಒಂದೇ ಸಮ ‘ಹೂಂ, ಸರಿ’ ಅಂದರು. ನಾವು ಅಳಿಲನ್ನು ಪೆದ್ದು ಮಾಡಿದ್ದೆವು. ಮಕ್ಕಳಿಗೆ ಅದು ತಮ್ಮದೇ ಮಾತು ಆಡುತ್ತಿತ್ತು. ಈ ವಯಸ್ಸಿಗೆ ಎತ್ತರ ಕಂಡರೆ ಜಾಸ್ತಿ ಅಂತಲೇ ಅನಿಸುತ್ತೆ ಅನ್ನುವುದನ್ನು ಮಕ್ಕಳ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಎಷ್ಟೋ ಹಿಂದೆಯೇ ತೋರಿಸಿದ್ದರು. ನಾನು ಓದಿಯೂ ಇದ್ದೆ. ಬರೆಯುವಾಗ ಮರೆತಿದ್ದೆ.

ಕಂತಿನ ಗುರಿಯನ್ನೇ ಬದಲಾಯಿಸಿದೆವು. ‘ಎರಡೂ ಒಂದೇ’ ಅಂತ ಒಪ್ಪಿಸುವುದು ಬಿಟ್ಟೆವು. ಅಳಿಲಿಗೆ ಅನುಮಾನ ಬರುತ್ತೆ, ಎರಡು ಒಂದೇ ಥರದ ಲೋಟ ತರುತ್ತೆ, ಎರಡರ ನೀರನ್ನೂ ಅವಕ್ಕೆ ಸುರಿದು ನೋಡುತ್ತೆ. ಅಷ್ಟೇ. ತೀರ್ಪು ಇಲ್ಲ. ಹೊಸ ಕಂತು ನೋಡಿದ ಒಬ್ಬಳು ಪುಟ್ಟ ಹುಡುಗಿ ತನ್ನ ನೀರಿನ ಬಾಟಲಿ ತಂದು ‘ಇದನ್ನೂ ಸುರಿದು ನೋಡೋಣ’ ಅಂದಳು. ನನಗೆ ಬೇಕಿದ್ದದ್ದು ಇದು.

ಬಲ್ಲವರ ಮಾತೂ ಮಗುವಿನ ಮುಂದೆ ಪರೀಕ್ಷೆಗೆ ನಿಲ್ಲಬೇಕು. ಇದನ್ನೂ ಕೂನಿಯವರ ತಂಡದಿಂದಲೇ ಕಲಿತೆ. ಬೊಂಬೆಗಳನ್ನೂ ಮನುಷ್ಯರನ್ನೂ ಒಂದೇ ದೃಶ್ಯದಲ್ಲಿ ಬೆರೆಸಬೇಡಿ, ಮಕ್ಕಳಿಗೆ ಗೊಂದಲವಾಗುತ್ತೆ ಅಂತ ತಜ್ಞರು ಅವರಿಗೆ ಹೇಳಿದ್ದರು. ಹಾಗೇ ಮಾಡಿದರು. 1969ರ ಜುಲೈನಲ್ಲಿ ಫಿಲಡೆಲ್ಫಿಯಾದಲ್ಲಿ ಒಂದೊಂದು ಗಂಟೆಯ ಐದು ಪರೀಕ್ಷಾ ಕಂತು ತೋರಿಸಿದರು. ಬೊಂಬೆ ಬಂದಾಗ ಮಕ್ಕಳು ನೋಡಿದರು, ಬರೀ ಮನುಷ್ಯರಿದ್ದ ಬೀದಿ ದೃಶ್ಯ ಬಂದಾಗ ಆ ಕಡೆ ಈ ಕಡೆ ತಿರುಗಿದರು. ಆ ಬೀದಿಯೇ ಕಾರ್ಯಕ್ರಮದ ಬೆನ್ನೆಲುಬು. ಪ್ರಸಾರಕ್ಕೆ ಇನ್ನು ಕೆಲವೇ ತಿಂಗಳು. ತಜ್ಞರ ಸಲಹೆ ಪಕ್ಕಕ್ಕಿಟ್ಟು, ಬೊಂಬೆಯಾಟದ ಜಿಮ್ ಹೆನ್ಸನ್ ತಂಡದಿಂದ ಬೀದಿಗೇ ಬೊಂಬೆ ತರಿಸಿದರು. 8 ಅಡಿ 2 ಇಂಚಿನ ಹಕ್ಕಿ ಬಿಗ್ ಬರ್ಡ್, ಕಸದ ಡಬ್ಬಿಯಲ್ಲಿರುವ ಆಸ್ಕರ್ ಬಂದದ್ದು ಹೀಗೆ. ನವೆಂಬರ್ 10ಕ್ಕೆ ಮೊದಲ ಕಂತು ಪ್ರಸಾರವಾಯಿತು. ಮಕ್ಕಳು ಮುಖ ತಿರುಗಿಸಿದರು ಅಂತ ಇಷ್ಟು ದೊಡ್ಡ ತೀರ್ಮಾನವನ್ನು ಅಷ್ಟು ತಡವಾಗಿ ಬದಲಾಯಿಸಲು ಧೈರ್ಯ ಬೇಕು.

ನಾನು ದಿನಾ ಬಳಸುವ ಇನ್ನೊಂದು ವಿಷಯ ಮೌನ. ಆ ಕಾರ್ಯಕ್ರಮಕ್ಕೆ ನಟ ಜೇಮ್ಸ್ ಅರ್ಲ್ ಜೋನ್ಸ್ ಅಕ್ಷರಮಾಲೆ ಹೇಳಿದ ಒಂದು ತುಣುಕು ಇದೆ. ಅಕ್ಷರ ಮೊದಲು ಕಾಣುತ್ತೆ. ಅವರು ಸುಮ್ನೆ ಇರುತ್ತಾರೆ. ಆಮೇಲೆ ನಿಧಾನಕ್ಕೆ ಹೇಳುತ್ತಾರೆ. ಮೊದಲ ಸಲ ನೋಡಿದ ಮಕ್ಕಳು ಅವರ ಜೊತೆ ಹೇಳಿದರು. ಮತ್ತೆ ಮತ್ತೆ ನೋಡಿದ ಮೇಲೆ ಅವರಿಗಿಂತ ಮುಂಚೆಯೇ ಹೇಳತೊಡಗಿದರು. ನಾವು ‘ಕ’ ಅಕ್ಷರಕ್ಕೆ ಎರಡು ಸೆಕೆಂಡ್ ಮೌನ ಬಿಟ್ಟೆವು. ಎಡಿಟಿಂಗ್‌ನಲ್ಲಿ ಎರಡು ಸೆಕೆಂಡ್ ಒಂದು ಯುಗದ ಹಾಗೆ ಅನಿಸುತ್ತೆ. ಒಂದು ವಾಹಿನಿಯವರು ನೋಡಿ, ಏನೋ ತಾಂತ್ರಿಕ ದೋಷ, ಕತ್ತರಿಸಿ, ಬಣ್ಣ ಜಾಸ್ತಿ ಮಾಡಿ ಅಂದರು. ನಾನು ಹಾಳೆಗಳನ್ನು ಮುಂದಿಟ್ಟೆ. ಆ ಚೌಕಗಳಲ್ಲಿ ಒಂದೂ ಗೀಟಿಲ್ಲ. ಅವರು ಒಪ್ಪಲಿಲ್ಲ, ಕಾರ್ಯಕ್ರಮವೂ ಅಲ್ಲಿ ಬರಲಿಲ್ಲ. ಆ ಮೌನ ಮಾತ್ರ ನಾವು ತೆಗೆಯಲಿಲ್ಲ. ಮೂರನೇ ಸಲ ನೋಡುವಾಗ ಮಕ್ಕಳು ಆ ಎರಡು ಸೆಕೆಂಡಿನಲ್ಲಿ ‘ಕ!’ ಅಂತ ಕೂಗುವುದನ್ನು ಕಿವಿಯಾರೆ ಕೇಳಿದ್ದೇನೆ.

ಈಗ ನಮ್ಮ ಕ್ರಮ ಇನ್ನೂ ಸ್ವಲ್ಪ ಬದಲಾಗಿದೆ. ಬರೆದ ಮೇಲೆ ಪರೀಕ್ಷೆ ಮಾಡುವುದಕ್ಕಿಂತ ಮುಂಚೆ, ಬರೆಯುವ ಮೊದಲೇ ಮಕ್ಕಳ ಹತ್ತಿರ ಹೋಗಿ ಕೂರುತ್ತೇನೆ. ಸದ್ಯ ಕೈಯಲ್ಲಿರುವುದು ನೆರಳಿನ ಕಂತು. ‘ರಾತ್ರಿ ದೀಪ ಆರಿಸಿದ ಮೇಲೆ ನಿನ್ನ ನೆರಳು ಎಲ್ಲಿ ಹೋಗುತ್ತೆ?’ ಅಂತ ಕೇಳಿದೆ. ಒಬ್ಬ ಸ್ವಲ್ಪ ಹೊತ್ತು ಯೋಚಿಸಿ, ‘ಮಂಚದ ಕೆಳಗೆ ಮಲಗುತ್ತೆ’ ಅಂದ. ಮೊದಲ ದೃಶ್ಯ ಅಲ್ಲಿಂದಲೇ ಶುರು ಮಾಡಿದ್ದೇನೆ: ಅಳಿಲು ಟಾರ್ಚ್ ಹಿಡಿದು ಮಂಚದ ಕೆಳಗೆ ಬಗ್ಗಿ ನೋಡುತ್ತಿದೆ.