ಮೇ ತಿಂಗಳ ಕೆರೆಯಲ್ಲಿ ಗಾಳ: ನೀರು ನೋಡಿ ಹೊತ್ತು ಹಿಡಿಯಿರಿ

ಬೇಸಿಗೆ ಮುಗಿಯುವ ಹೊತ್ತಿಗೆ ಕೋಲಾರ ಸೀಮೆಯ ಕೆರೆಗಳಲ್ಲಿ ನೀರು ಅಂಗಳ ಬಿಟ್ಟು ಏರಿಯ ಬುಡಕ್ಕೆ ಸರಿದಿರುತ್ತದೆ. ಮೀನೂ ಅಲ್ಲೇ, ತೂಬಿನ ಮುಂದಿನ ಆಳದಲ್ಲಿ. ಜಾಗ ಹುಡುಕುವುದು ಕಷ್ಟವಲ್ಲ, ಹೊತ್ತು ತಪ್ಪುವವರೇ ಹೆಚ್ಚು. ಮೀನಿನ ಹಕ್ಕು ಬಹುಪಾಲು ಕೆರೆಗಳಲ್ಲಿ ಗುತ್ತಿಗೆಗೆ ಹೋಗಿರುತ್ತದೆ, ಮೊದಲು ಗುತ್ತಿಗೆದಾರರನ್ನು ಕೇಳಿ.

ನಸುಕಿನಲ್ಲೇ ಗಾಳ ಹಾಕಬೇಕೆಂಬ ಮಾತು ಪಾಚಿಯಿಂದ ಹಸಿರುಗಟ್ಟಿದ ಕೆರೆಗೆ ಒಪ್ಪುವುದಿಲ್ಲ. 2018ರಿಂದ ಕೆ.ಸಿ. ವ್ಯಾಲಿಯ (ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ) ಸಂಸ್ಕರಿಸಿದ ಕೊಳಚೆ ನೀರು ಬರುತ್ತಿರುವ ಲಕ್ಷ್ಮೀಸಾಗರದಂಥ ಕೆರೆಗಳಲ್ಲಿ ಇದನ್ನು ಮುಖ್ಯವಾಗಿ ನೆನಪಿಡಬೇಕು. ಪಾಚಿ ಹಗಲು ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ಎಳೆದುಕೊಳ್ಳುತ್ತದೆ. ಸೂರ್ಯ ಹುಟ್ಟುವ ಮುಂಚೆ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಅದೂ ಅಲ್ಲದೆ 30 ಡಿಗ್ರಿ ಬಿಸಿಯ ನೀರು ಗಾಳಿಯಿಂದ ಹಿಡಿಯಬಲ್ಲದ್ದೇ ಲೀಟರಿಗೆ ಸುಮಾರು 7.5 ಮಿಲಿಗ್ರಾಂ. ಮೀನು ಮೇಲೆ ಬಂದು ಬಾಯಿ ಆಡಿಸುತ್ತಿದ್ದರೆ ಅದಕ್ಕೆ ಹಸಿವಾಗಿದೆ ಎಂದುಕೊಳ್ಳಬೇಡಿ, ಉಸಿರು ಸಾಲುತ್ತಿಲ್ಲ. ಬಿಸಿಲೇರಿ ಎಂಟು ಗಂಟೆಯಾಗಲಿ. ಗಾಳಿ ಎದ್ದರೆ ಅಲೆ ಬಡಿಯುವ ದಡಕ್ಕೆ ಹೋಗಿ. ನೀರು ತಿಳಿಯಾಗಿದ್ದರೆ ಮಾತ್ರ ನಸುಕೇ ಸರಿ. ಕೊರವ ಮೇಲಿನ ಗಾಳಿಯನ್ನೂ ಉಸಿರಾಡುವ ಮೀನಾದ್ದರಿಂದ ಅದಕ್ಕೆ ಈ ಲೆಕ್ಕವಿಲ್ಲ, ಜೊಂಡಿನ ಅಂಚಿನಲ್ಲಿ ಯಾವಾಗ ಬೇಕಾದರೂ ಕಚ್ಚುತ್ತದೆ.

ರೋಹು, ಗೆಂಡೆಗೆ 0.30 ಮಿ.ಮೀ. ದಾರ, 6ನೇ ನಂಬರಿನ ಗಾಳ ಸಾಕು. ಉಂಡೆಗೆ ಕಡಲೆಕಾಯಿ ಹಿಂಡಿ 200 ಗ್ರಾಂ, ತೌಡು 200 ಗ್ರಾಂ. ಹಿಂಡಿಯನ್ನು ಒಂದು ಗಂಟೆ ನೆನೆಸಿ, ನೀರು ಹಿಂಡಿ ತೆಗೆದು, ತೌಡು ಬೆರೆಸಿ, ಅಂಟಿಗೆ 100 ಗ್ರಾಂ ರಾಗಿ ಮುದ್ದೆ ಹಾಕಿ ನಾದಿ. ಮೆತ್ತಗಾದರೆ ಬೀಸುವಾಗಲೇ ಉದುರುತ್ತದೆ. ಗಟ್ಟಿಯಾದರೆ ಎಳೆದಾಗ ಮೊನೆ ಹೊರಬಾರದೆ ಮೀನು ತಪ್ಪಿಸಿಕೊಳ್ಳುತ್ತದೆ. ನೆಲ್ಲಿಕಾಯಿ ಗಾತ್ರ ಮೀರಬಾರದು. ನೀರಿಗೆ ಎರಚುವ ಮೇವು ಎರಡು ಹಿಡಿಗಿಂತ ಬೇಡ, ಬಿಸಿನೀರಿನಲ್ಲಿ ಬೇಗ ಹುಳಿತು ಇರುವ ಆಮ್ಲಜನಕವನ್ನೂ ತಿನ್ನುತ್ತದೆ. ಬೆಂಡು ಒಂದೇ ಸಮನೆ ಚಿಟಿಚಿಟಿ ಕುಣಿದರೆ ಜಿಲೇಬಿ ಮೀನು ಉಂಡೆ ಕದಿಯುತ್ತಿದೆ. ಬೇಯಿಸಿದ ಮುಸುಕಿನ ಜೋಳದ ಕಾಳು ಚುಚ್ಚಿ, ಅದು ಗಾಳದಿಂದ ಸುಲಭಕ್ಕೆ ಬಿಡುವುದಿಲ್ಲ. ಕಾಟ್ಲಾ ಮೇಲ್ಪದರದಲ್ಲಿ, ರೋಹು ನಡುವೆ, ಮೃಗಾಲ್ ಮತ್ತು ಗೆಂಡೆ ತಳದಲ್ಲಿ ಮೇಯುತ್ತವೆ. ಬೆಂಡನ್ನು ಅದಕ್ಕೆ ತಕ್ಕಂತೆ ಸರಿಸಿ.

ನೀರಿಗೆ ಇಳಿಯಬೇಡಿ. ಜೆಸಿಬಿಯಲ್ಲಿ ಮಣ್ಣು ತೆಗೆದ ಗುಂಡಿಗಳು ಮೊಣಕಾಲುದ್ದದ ನೀರಿನ ಪಕ್ಕದಲ್ಲೇ ಆಳೆತ್ತರ ಇರುತ್ತವೆ.

ಮೊದಲ ಮಳೆಗೆ ಕಾಲುವೆ ಹರಿದರೆ ಮೀನು ತೂಬು ಬಿಟ್ಟು ಕಾಲುವೆಯ ಬಾಯಿಗೆ ಬರುತ್ತದೆ. ಕೆಂಪು ನೀರಿನಲ್ಲಿ ಎರೆಹುಳುವೇ ಲೇಸು. ಮರಿಗಳ ಗುಂಪು ಕಾಯುತ್ತಿರುವ ಕೊರವಕ್ಕೆ ಮಾತ್ರ ಗಾಳ ಹಾಕಬೇಡಿ, ಕಾವಲಿನ ಮೀನು ಹೋದರೆ ಮರಿಗಳನ್ನು ಉಳಿದ ಮೀನುಗಳು ಮುಗಿಸುತ್ತವೆ.